ಆಟಿಕೆಯು ಕಲೆಯಾಗಬಾರದೆ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ವಿದ್ವಜ್ಜನರಲ್ಲಿ ಗಮಕ, ಹರಿಕಥೆ, ಮೂಡಲಪಾಯದ ಬಯಲಾಟ ಮೊದಲಾದುವು ಕಲೆಗಳೆಂಬ ವಿಷಯದಲ್ಲಿ ಭಿನ್ನಾಭಿಪ್ರಾಯವಿಲ್ಲ. ಆದರೆ ಮಕ್ಕಳು ಟೀವಿಯ ಮುಂದೆ ಕುಳಿತು ಬಿದ್ದು ಬಿದ್ದು ನಗುವ ಕಾರ್ಟೂನು ಚಿತ್ರಗಳ ಮಾತಾಗಲಿ, ಅವರು ಮೊಬೈಲಿನಲ್ಲಿ ಆಡುವ ಗೇಮುಗಳ ಮಾತಾಗಲಿ ಬಂದೊಡನೆಯೇ ಹಲವರ ಮುಖದಲ್ಲಿ ಒಂದು ಬಗೆಯ ಉಪೇಕ್ಷೆಯು ಮೂಡುತ್ತದೆ. “ಅದೆಲ್ಲಾ ಹುಡುಗಾಟ, ಅದಕ್ಕೆ ಕಲೆಯ ಹೆಸರೇಕೆ?” ಎಂದು ತೀರ್ಪಾಗಿಬಿಡುತ್ತದೆ. ವಾದಿ ಪ್ರತಿವಾದಿಗಳಿಬ್ಬರನ್ನೂ ಕೇಳದೆ ಕೊಟ್ಟ ತೀರ್ಪು ಎಷ್ಟು ದೊಡ್ಡವರದಾದರೂ ಮರುವಿಚಾರಣೆಗೆ ಅರ್ಹವಾದುದೇ ಸರಿ.

2025ನೆಯ ಇಸವಿಯ ಜುಲೈ ತಿಂಗಳಿನಲ್ಲಿ ‘ಮಹಾವತಾರ ನರಸಿಂಹ’ ಎಂಬ ಆನಿಮೇಷನ್ ಚಿತ್ರವು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ತೆರೆಯನ್ನು ಕಂಡಿತು. ನಿರ್ದೇಶಕರು ಅಶ್ವಿನ್ ಕುಮಾರರು. ಬೆಂಗಳೂರಿನ ಹೊಂಬಾಳೆ ಸಂಸ್ಥೆಯು ಅದನ್ನು ಅರ್ಪಿಸಿತು. ಮೊಮ್ಮಕ್ಕಳ ಕೈಹಿಡಿದು ಹೋದ ಹಿರಿಯರಲ್ಲಿ ಚಿತ್ರಮಂದಿರದಲ್ಲಿಯೇ ಕೈಮುಗಿದವರುಂಟು, ಹೊರಗೆ ಬಂದು “ಎಂಥ ಕಲೆಗಾರಿಕೆ!” ಎಂದು ಹೊಗಳಿದವರುಂಟು. ಸಂತೋಷ. ಆದರೆ ಅದೇ ಹಿರಿಯರು ಮಾರನೆಯ ದಿನ ಮೊಮ್ಮಗುವು ‘ಟಾಮ್ ಅಂಡ್ ಜೆರ್ರಿ’ಯನ್ನು ನೋಡುತ್ತಿದ್ದರೆ “ಆ ಕೋತಿಚೇಷ್ಟೆಯನ್ನು ನಿಲ್ಲಿಸು” ಎಂದು ಗದರುವರು. ಗೆರೆ, ಬಣ್ಣ, ಚಲನೆ, ನಾದ ಇವುಗಳನ್ನು ಕೂಡಿಸಿ ಜೀವವಿಲ್ಲದುದಕ್ಕೆ ಜೀವ ಬಂದಂತೆ ತೋರಿಸತಕ್ಕ ವಿದ್ಯೆಯು ಎರಡು ಕಡೆಯಲ್ಲಿಯೂ ಒಂದೇ. ಕಂಬವನ್ನೊಡೆದು ಸಿಂಹವು ಬಂದರೆ ಕಲೆ, ಬಿಲದಿಂದ ಇಲಿಯು ಬಂದರೆ ಹುಡುಗಾಟ! ಇಲ್ಲಿ ಅಳೆಯಲ್ಪಟ್ಟದ್ದು ಕಲೆಯಲ್ಲ, ವಸ್ತುವಿನ ಘನತೆ. ವಸ್ತುವಿನ ಘನತೆಯೊಂದರಿಂದಲೇ ಕಲೆಯು ಸಿದ್ಧಿಸುವುದಾದರೆ ಹರಿಯ ಹೆಸರಿರುವ ಪದ್ಯಗಳೆಲ್ಲವೂ ಕಾವ್ಯವಾಗಬೇಕಾಗಿತ್ತು. ಹಾಗಾಗಿಲ್ಲವೆಂಬುದನ್ನು ಕವಿಗೋಷ್ಠಿಗಳಲ್ಲಿ ಕುಳಿತವರೆಲ್ಲರೂ ಬಲ್ಲರು.

ಆಕ್ಷೇಪಕರಲ್ಲಿ ಶಾಸ್ತ್ರವನ್ನು ಓದಿದವರೂ ಇರುವುದರಿಂದ ಶಾಸ್ತ್ರವನ್ನೇ ಮೊದಲು ಕೇಳುವುದು ಉಚಿತ. ನಾಟ್ಯದ ಉತ್ಪತ್ತಿಯನ್ನು ಭರತಮುನಿಯು ತನ್ನ ಗ್ರಂಥದ ಮೊದಲನೆಯ ಅಧ್ಯಾಯದಲ್ಲಿ ಹೇಗೆ ವರ್ಣಿಸಿದ್ದಾನೆ? ಇಂದ್ರನೇ ಮೊದಲಾದ ದೇವತೆಗಳು ಬ್ರಹ್ಮನ ಬಳಿಗೆ ಹೋಗಿ, ಕಣ್ಣಿಗೆ ಕಾಣತಕ್ಕ, ಕಿವಿಗೆ ಕೇಳತಕ್ಕ ‘ಕ್ರೀಡನೀಯಕ’ವೊಂದು ಬೇಕೆಂದು ಬೇಡಿದರು. ಕ್ರೀಡನೀಯಕವೆಂದರೆ ಆಟದ ಸಾಮಗ್ರಿ, ಆಟಿಕೆ. ದೇವತೆಗಳು ಉಪದೇಶವನ್ನು ಬೇಡಲಿಲ್ಲ, ಆಟಿಕೆಯನ್ನು ಬೇಡಿದರು. ಬ್ರಹ್ಮನು ಅದನ್ನು ಅನುಚಿತವೆಂದು ತಳ್ಳದೆ ನಾಲ್ಕು ವೇದಗಳಿಂದ ಸಾರವನ್ನು ತೆಗೆದು ಐದನೆಯ ವೇದವನ್ನು ಮಾಡಿಕೊಟ್ಟನು. ಕಾಣುವ, ಕೇಳುವ ಆಟಿಕೆ! ಈಗ ಟೀವಿಯಲ್ಲಿ ಕುಣಿಯುವ ಚಿತ್ರಗಳಿಗೆ ಇದಕ್ಕಿಂತ ಹೊಂದುವ ಲಕ್ಷಣವನ್ನು ಹುಡುಕಿದರೂ ಸಿಕ್ಕಲಾರದು. ಪ್ರಸಂಗವಶಾತ್ ಇನ್ನೊಂದು ಮಾತು. ಆ ಮೊದಲ ಪ್ರಯೋಗಕ್ಕೆ ಅಡ್ಡಿಪಡಿಸಿ, ನಟರ ಮಾತು, ಚಲನೆ, ಸ್ಮೃತಿಗಳನ್ನು ಸ್ತಂಭಗೊಳಿಸಿದವರು ವಿಘ್ನರೊಡನೆ ಕೂಡಿದ ದೈತ್ಯರು. ಆಟಿಕೆಯನ್ನು ವಿರೋಧಿಸತಕ್ಕವರ ಪರಂಪರೆಯೂ ಸಾಕಷ್ಟು ಪ್ರಾಚೀನವಾದುದೇ.

“ಇರಲಿ, ಹಾಸ್ಯವು ಅಧಮಪ್ರಕೃತಿಗಳಲ್ಲಿ ಹೆಚ್ಚೆಂದು ಭರತನೇ ಹೇಳಿಲ್ಲವೆ?” ಎಂಬುದು ಮುಂದಿನ ಆಕ್ಷೇಪ. ಹೇಳಿದ್ದಾನೆ. ಆದರೆ ಅಲ್ಲಿಗೇ ನಿಲ್ಲಿಸಲಿಲ್ಲ. ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ನಗೆಯಲ್ಲಿ ಆರು ಬಗೆಗಳನ್ನು ಎಣಿಸಿ, ಎರಡೆರಡನ್ನು ಉತ್ತಮ, ಮಧ್ಯಮ, ಅಧಮರಿಗೆ ಹಂಚಿದ್ದಾನೆ. ಹಲ್ಲು ಕಾಣದಂತೆ ಕೆನ್ನೆಯರಳುವುದು ಮೊದಲನೆಯದು. ಪಕ್ಕೆ ಹಿಡಿದುಕೊಂಡು ಅಬ್ಬರಿಸುವುದು ಕೊನೆಯದು. ಒಂದೇ ರಸದೊಳಗೆ ಇಷ್ಟು ಮೆಟ್ಟಿಲುಗಳನ್ನು ಕಂಡವನು ಆ ರಸವನ್ನು ತಿರಸ್ಕರಿಸಿದನೆಂದು ಹೇಳುವುದು ನ್ಯಾಯವಲ್ಲ. ಪ್ರೇಕ್ಷಕರಲ್ಲಿ ಯಾರು ಯಾವುದಕ್ಕೆ ಸಂತೋಷಪಡುವರೆಂದು ವಿವರಿಸುವಾಗ ಮಕ್ಕಳನ್ನೂ ಅವನು ಮರೆತಿಲ್ಲ. ಅವರಿಗೆ ಹಾಸ್ಯವೂ ವೇಷಭೂಷಣವೂ ಪ್ರಿಯವೆಂದಿದ್ದಾನೆ. ದಶರೂಪಕಗಳಲ್ಲಿ ಪ್ರಹಸನಕ್ಕೆ ಒಂದು ಸ್ಥಾನವುಂಟು. ಏಳನೆಯ ಶತಮಾನದ ಪಲ್ಲವದೊರೆ ಮಹೇಂದ್ರವರ್ಮನೇ ‘ಮತ್ತವಿಲಾಸ’ವೆಂಬ ಪ್ರಹಸನವನ್ನು ಬರೆದನು.

ಮಕ್ಕಳಿಗಾಗಿ ಮಾಡಿದ್ದು ಕೀಳೆಂಬ ವಾದವು ಇದಕ್ಕಿಂತಲೂ ದುರ್ಬಲ. ವಾತ್ಸ್ಯಾಯನನು ಹೆಸರಿಸಿದ ಅರುವತ್ತನಾಲ್ಕು ಕಲೆಗಳ ಪಟ್ಟಿಯಲ್ಲಿ ಗೀತ, ವಾದ್ಯ, ನೃತ್ಯಗಳಿರುವಂತೆಯೇ ‘ಬಾಲಕ್ರೀಡನಕ’ವೂ ಇದೆ, ಮಕ್ಕಳ ಆಟಿಕೆಗಳನ್ನು ಮಾಡುವುದು ಹೆಸರು ಹಿಡಿದು ಎಣಿಸಿದ ಒಂದು ಕಲೆ. ಶೂದ್ರಕನ ‘ಮೃಚ್ಛಕಟಿಕ’ಕ್ಕೆ ಹೆಸರು ಬಂದದ್ದು ಒಂದು ಮಣ್ಣಿನ ಆಟದ ಬಂಡಿಯಿಂದ. ಆರನೆಯ ಅಂಕದಲ್ಲಿ ಚಾರುದತ್ತನ ಮಗನಾದ ರೋಹಸೇನನು ಮಣ್ಣಿನ ಬಂಡಿ ಬೇಡ, ಚಿನ್ನದ ಬಂಡಿಯೇ ಬೇಕೆಂದು ಅಳುತ್ತಾನೆ. ವಸಂತಸೇನೆಯು ತನ್ನ ಒಡವೆಗಳನ್ನು ಬಿಚ್ಚಿ ಬಂಡಿಗೆ ತುಂಬುತ್ತಾಳೆ. ಆ ಒಡವೆಗಳೇ ಮುಂದೆ ನ್ಯಾಯಸ್ಥಾನದಲ್ಲಿ ಚಾರುದತ್ತನಿಗೆ ಉರುಳಾಗುತ್ತವೆ. ಹತ್ತು ಅಂಕಗಳ ನಾಟಕವು ಒಂದು ಮಗುವಿನ ಆಟಿಕೆಯ ಮೇಲೆ ತಿರುಗಿತು. ಕನ್ನಡಕ್ಕೆ ಬಂದರೆ, ಚಾಳುಕ್ಯ ಜಗದೇಕಮಲ್ಲ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು ಹನ್ನೊಂದನೆಯ ಶತಮಾನದಲ್ಲಿ ವಸುಭಾಗಭಟ್ಟನ ಪಾಠವನ್ನನುಸರಿಸಿ ಪಂಚತಂತ್ರವನ್ನು ಚಂಪುವಾಗಿ ರಚಿಸಿದನು. ಯುದ್ಧ ಸಂಧಿಗಳ ಭಾರವನ್ನು ಹೊತ್ತ ಮಂತ್ರಿಗೆ ನರಿ, ಎತ್ತು, ಸಿಂಹಗಳ ಮಾತನ್ನು ಬರೆಯುವುದರಲ್ಲಿ ನಾಚಿಕೆಯಿರಲಿಲ್ಲ. ಇಂದು ಇಲಿ ಬೆಕ್ಕುಗಳು ಪರದೆಯ ಮೇಲೆ ಓಡಿದರೆ ನಾಚಿಕೊಳ್ಳುವವರು ಅವನಿಗಿಂತ ಹೆಚ್ಚು ಕೆಲಸವುಳ್ಳವರೋ ಏನೋ!

ನಮ್ಮ ಸೀಮೆಗೆ ಹತ್ತಿರದ ದೃಷ್ಟಾಂತವೊಂದು ಈ ಎಲ್ಲಕ್ಕಿಂತಲೂ ಮುಖ್ಯವಾದುದು. ಬಿಳಿಯ ಪರದೆ, ಅದರ ಹಿಂದೆ ದೀಪ, ನಡುವೆ ಬೆಳಕು ಹಾಯುವಂತೆ ಹೆರೆದು ಬಣ್ಣ ಹಾಕಿದ ಚರ್ಮದ ಬೊಂಬೆ, ಇದೇ ತೊಗಲುಬೊಂಬೆಯಾಟ. ಕಾರ್ಟೂನು ಚಿತ್ರಕ್ಕೆ ಇದನ್ನು ಅಜ್ಜಿಯೆಂದರೆ ತಪ್ಪಾಗದು. ಆಟದ ಆರಂಭದಲ್ಲಿ ಗಣಪತಿ ಸರಸ್ವತಿಯರ ಹಿಂದೆಯೇ ಕಿಳ್ಳೇಕ್ಯಾತನೂ ಬಂಗಾರಕ್ಕನೂ ಬರುವರು; ವಿಕಾರರೂಪ, ಅಂಕೆಯಿಲ್ಲದ ಮಾತು, ಜಗಳ, ಕುಣಿತ. ರಾಮಾಯಣದ ಗಂಭೀರ ಸನ್ನಿವೇಶಗಳ ನಡುವೆಯೂ ಅವರು ನುಗ್ಗಿ ನಗಿಸುವರು. ಮುಂದಿನ ಸಾಲಿನಲ್ಲಿ ಕುಳಿತ ಮಕ್ಕಳು ರಾಮನಿಗಾಗಿ ಎಚ್ಚರವಾಗಿರುತ್ತಿದ್ದರೋ ಕಿಳ್ಳೇಕ್ಯಾತನಿಗಾಗಿಯೋ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಟವಾಡಿಸುವ ಜನರಿಗೇ ಆ ನಗೆಗಾರನ ಹೆಸರು ನಿಂತಿತು. ಅವರು ಊರೂರು ತಿರುಗಿ ಆಡಿಸುತ್ತಿದ್ದ ಕಾಲದಲ್ಲಿ ಅದನ್ನು ಕಲೆಯೆಂದು ಬರೆದಿಟ್ಟ ಪಂಡಿತರು ಎಷ್ಟು ಮಂದಿ? ಅನಕ್ಷರಸ್ಥರ ರಾತ್ರಿಯ ವಿನೋದವೆಂದು ಬಿಟ್ಟವರೇ ಹೆಚ್ಚು. ಪಾವಗಡದ ಗಡಿಯಾಚೆ, ಆಂಧ್ರದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿ ಧರ್ಮಾವರದ ಬಳಿಯಿರುವ ನಿಮ್ಮಲಕುಂಟೆಯ ದಳವಾಯಿ ಚಲಪತಿರಾಯರಿಗೆ 2020ರಲ್ಲಿ ಪದ್ಮಶ್ರೀ ಬಂದಿತು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರಿಗೆ 2025ರಲ್ಲಿ ಬಂದಿತು. ಈಗ ತೊಗಲುಬೊಂಬೆಯು ಕಲೆಯೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಬೊಂಬೆಯು ಬದಲಾಯಿತೆ? ಇಲ್ಲ. ದೀಪದ ಮುಂದೆ ಕುಳಿತಿದ್ದ ಮಕ್ಕಳು ಎದ್ದು ಹೋದ ಮೇಲೆ ಹಿರಿಯರ ಕಣ್ಣು ತೆರೆಯಿತು, ಅಷ್ಟೆ.

ಯಂತ್ರದಿಂದಾದದ್ದು ಕಲೆಯಲ್ಲವೆಂಬವರು ಒಂದು ಲೆಕ್ಕವನ್ನು ಮಾಡಿ ನೋಡಬೇಕು. ಒಂದು ಸೆಕೆಂಡಿಗೆ 24 ಚಿತ್ರಗಳು ಪರದೆಯ ಮೇಲೆ ಹಾಯುತ್ತವೆ. ಏಳು ನಿಮಿಷದ ಒಂದು ಕಿರುಚಿತ್ರಕ್ಕೆ 10,080. ಒಂದೊಂದು ಚಿತ್ರವನ್ನು ಎರಡೆರಡು ಸಲ ತೋರಿಸಿದರೂ ಐದು ಸಾವಿರಕ್ಕೆ ಕಡಿಮೆಯಿಲ್ಲದಷ್ಟು ಚಿತ್ರಗಳನ್ನು ಹಿಂದೆ ಕೈಯಿಂದಲೇ ಬರೆಯಬೇಕಾಗಿತ್ತು. ಕಂಪ್ಯೂಟರು ಬಂದ ಮೇಲೆ ಕುಂಚವು ಬದಲಾಯಿತು. ಬೆಕ್ಕು ನೆಗೆಯುವ ಮುನ್ನ ಎಷ್ಟು ಹಿಂದಕ್ಕೆ ಬಾಗಬೇಕೆಂಬ ನಿರ್ಣಯವು ಈಗಲೂ ಕಲಾವಿದನದೇ. ನಮ್ಮ ದೇಶದಲ್ಲಿ ದಾದಾಸಾಹೇಬ ಫಾಲ್ಕೆಯವರು 1915ರಷ್ಟು ಹಿಂದೆಯೇ ಬೆಂಕಿಕಡ್ಡಿಗಳನ್ನು ಕುಣಿಸಿ ಒಂದು ವಿನೋದಚಿತ್ರವನ್ನು ತೆಗೆದರು. ‘ರಾಜಾ ಹರಿಶ್ಚಂದ್ರ’ವನ್ನು ಮಾಡಿದ ಕೈಗಳೇ ಬೆಂಕಿಕಡ್ಡಿಯನ್ನೂ ಕುಣಿಸಿದುವು.

ಹನ್ನಾ ಮತ್ತು ಬಾರ್ಬೆರಾ ಎಂಬಿಬ್ಬರು 1940ರಿಂದ 1958ರವರೆಗೆ ಆ ಬೆಕ್ಕು ಇಲಿಗಳ 114 ಕಿರುಚಿತ್ರಗಳನ್ನು ಮಾಡಿದರು. ಏಳಕ್ಕೆ ಆಸ್ಕರ್ ಪ್ರಶಸ್ತಿ ದೊರೆಯಿತು. ಅವುಗಳಲ್ಲೊಂದರಲ್ಲಿ ಬೆಕ್ಕು ಕರಿಯ ಕೋಟನ್ನು ಧರಿಸಿ ಸಭೆಯ ಮುಂದೆ ಪಿಯಾನೋ ವಾದ್ಯದಲ್ಲಿ ಲಿಸ್ಟ್ ಎಂಬ ಹಂಗೇರಿಯ ವಾಗ್ಗೇಯಕಾರನ ಕೃತಿಯನ್ನು ನುಡಿಸುತ್ತದೆ. ವಾದ್ಯದೊಳಗೆ ಮಲಗಿದ್ದ ಇಲಿಗೆ ಎಚ್ಚರವಾಗುತ್ತದೆ. ಅಲ್ಲಿಂದ ಮುಂದೆ ಅವೆರಡರ ಕಲಹವೆಲ್ಲವೂ ಆ ಕೃತಿಯ ಲಯದೊಳಗೇ ನಡೆಯುತ್ತದೆ. ಮಾತೊಂದೂ ಇಲ್ಲ. ಕಡೆಗೆ ಬೆಕ್ಕು ಬಳಲಿ ಒರಗುತ್ತದೆ, ಚಪ್ಪಾಳೆಯನ್ನು ಇಲಿಯು ಸ್ವೀಕರಿಸುತ್ತದೆ. ಲಯವನ್ನು ಬಲ್ಲ ವಿದ್ವಾಂಸರು ಇದನ್ನು ಒಮ್ಮೆ ನೋಡಿ, ಆಮೇಲೆ ಕೋತಿಚೇಷ್ಟೆಯೆನ್ನಲಿ. ಅದೇ ಮಾಲೆಯಲ್ಲಿ ಬರೀ ಸುತ್ತಿಗೆಯೇಟಿನಿಂದ ನಗೆ ಹುಟ್ಟಿಸುವ ಚಿತ್ರಗಳೂ ಇವೆ. ಅವು ಅತಿಹಸಿತದ ಮೆಟ್ಟಿಲಿನವು. ಎರಡನ್ನೂ ಒಂದೇ ಬುಟ್ಟಿಗೆ ಹಾಕುವುದು ವಿಮರ್ಶೆಯಲ್ಲ. ಜಪಾನಿನ ಮಿಯಾಜಾಕಿಯವರು 1988ರಲ್ಲಿ ತೆಗೆದ ‘ನನ್ನ ನೆರೆಯ ಟೊಟೊರೊ’ ಎಂಬ ಚಿತ್ರದಲ್ಲಿ ದುಷ್ಟನೆಂಬವನೇ ಇಲ್ಲ. ಮಳೆಯಲ್ಲಿ ಕೊಡೆ ಹಿಡಿದು ತಂದೆಯ ಬಸ್ಸಿಗಾಗಿ ಕಾಯುವ ಇಬ್ಬರು ಹುಡುಗಿಯರ ಪಕ್ಕದಲ್ಲಿ ಕಾಡಿನ ಭೂತವೊಂದು ಬಂದು ನಿಲ್ಲುತ್ತದೆ. ಅದನ್ನು ನೋಡಿ ಹುಟ್ಟುವ ನಗೆಯು ಸ್ಮಿತವಲ್ಲದೆ ಬೇರೆಯಲ್ಲ.

ಗೇಮುಗಳ ವಿಷಯದಲ್ಲಿ ಒಂದು ವಿಭಾಗವನ್ನು ಮಾಡಿಕೊಳ್ಳಲೇಬೇಕು. ಹಣವನ್ನು ಪಣವಾಗಿಡತಕ್ಕದ್ದು ದ್ಯೂತ. ನಳನನ್ನೂ ಧರ್ಮರಾಯನನ್ನೂ ಬಲ್ಲವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಅಂತಹ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು 2025ರಲ್ಲಿ ಸಂಸತ್ತು ಅಂಗೀಕರಿಸಿದ್ದು ಯೋಗ್ಯವೇ ಆಯಿತು. ಆದರೆ ದ್ಯೂತದ ಪಾಪವನ್ನು ಕ್ರೀಡೆಯ ತಲೆಗೆ ಕಟ್ಟಬಾರದು. ಮುಮ್ಮಡಿ ಕೃಷ್ಣರಾಜ ಒಡೆಯರು ‘ಶ್ರೀತತ್ತ್ವನಿಧಿ’ಯಲ್ಲಿ ದೇವತಾಮೂರ್ತಿಗಳ ಲಕ್ಷಣಗಳೊಡನೆ ಮಣೆಯಾಟಗಳಿಗೂ ‘ಕೌತುಕನಿಧಿ’ಯೆಂಬ ಒಂದು ಭಾಗವನ್ನೇ ಮೀಸಲಿಟ್ಟರು. ಅಮೆರಿಕದ ರೋಜರ್ ಈಬರ್ಟ್ ಎಂಬ ಪ್ರಸಿದ್ಧ ಚಿತ್ರವಿಮರ್ಶಕನು 2010ರಲ್ಲಿ ವಿಡಿಯೋ ಗೇಮುಗಳು ಎಂದಿಗೂ ಕಲೆಯಾಗಲಾರವೆಂದು ವಾದಿಸಿದನು. ಆಟದಲ್ಲಿ ನಿಯಮ, ಅಂಕ, ಗೆಲವುಗಳಿವೆ, ಕಲೆಯಲ್ಲಿ ಅವಿಲ್ಲವೆಂಬುದು ಅವನ ಹೇತು. ಎರಡು ವರ್ಷಗಳಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾಸಂಗ್ರಹಾಲಯವು ‘ಪ್ಯಾಕ್‌ಮ್ಯಾನ್’, ‘ಟೆಟ್ರಿಸ್’ ಸೇರಿದಂತೆ 14 ಗೇಮುಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಸಂಗ್ರಹಾಲಯವು ಸೇರಿಸಿಕೊಂಡ ಮಾತ್ರಕ್ಕೆ ಕಲೆಯಾಗುವುದೆಂದಲ್ಲ. ಆದರೆ ಈಬರ್ಟನ ಹೇತುವು ನಿಲ್ಲುವುದಿಲ್ಲ. ರಾಗಕ್ಕೆ ಆರೋಹಣ ಅವರೋಹಣಗಳ ಕಟ್ಟುಂಟು. ಅದರೊಳಗೆ ಗಾಯಕನು ತನ್ನ ದಾರಿಯನ್ನು ತಾನೇ ಕಾಣುತ್ತಾನೆ. ಹಾಡುವವನಿಗೆ ಸ್ವಾತಂತ್ರ್ಯವಿದೆಯೆಂದು ರಾಗವನ್ನು ಕಟ್ಟಿದ್ದು ಕಲೆಯಲ್ಲವೆಂದು ಹೇಳುವರೆ? ಗೇಮುಗಳಲ್ಲಿ ಬಹುಪಾಲು ಕಸವೆಂಬುದು ನಿಜ. ಅಚ್ಚಾಗುವ ಪದ್ಯಗಳಲ್ಲಿಯೂ ಬಹುಪಾಲು ಹಾಗೆಯೇ.

ಇಷ್ಟು ವಾದಿಸುವ ಅವಶ್ಯಕತೆಯೇನು, ಕಲೆಯೆಂದರೂ ಅನ್ನದಿದ್ದರೂ ಮಕ್ಕಳು ನೋಡಿಯೇ ನೋಡುವರಲ್ಲವೆ ಎಂದು ಕೇಳಬಹುದು. ನೋಡುವರು, ಅದರಿಂದಲೇ ಅವಶ್ಯಕತೆ. ಕಲೆಯೆಂದು ಎಣಿಸದಿರುವುದನ್ನು ಯಾರೂ ಪರೀಕ್ಷಿಸುವುದಿಲ್ಲ. ಯಾರೂ ಪರೀಕ್ಷಿಸದ ಕಡೆಯಲ್ಲಿ ಒಳ್ಳೆಯದನ್ನು ಮಾಡಬೇಕೆಂಬ ಹಟವು ಮಾಡುವವನಿಗೂ ಹುಟ್ಟುವುದಿಲ್ಲ. ಕನ್ನಡದಲ್ಲಿ ಮಕ್ಕಳಿಗೆಂದೇ ‘ಚಿಂಟು’ ವಾಹಿನಿಯು 2009ರಲ್ಲಿ ಬಂದಿತು. ಹೊರಗಿನ ಚಿತ್ರಗಳು ಅದರಲ್ಲಿ ಕನ್ನಡವನ್ನಾಡಿದುವು. ಆ ಕನ್ನಡವೆಂತಹುದು, ಅದನ್ನು ಬರೆದವರಾರು, ಮಗುವಿನ ಬಾಯಿಗೆ ಅದು ಯಾವ ನುಡಿಗಟ್ಟನ್ನು ಕೊಟ್ಟಿತು ಎಂದು ಬರೆದ ಲೇಖನಗಳು ಸಾಹಿತ್ಯ ಪತ್ರಿಕೆಗಳಲ್ಲಿ ಎಷ್ಟು ಬಂದುವು? ಡಬ್ಬಿಂಗು ಕೂಡದೆಂಬ ಬಹುಕಾಲದ ಕಟ್ಟಿನ ಮೇಲೆ 2015ರಲ್ಲಿ ಸ್ಪರ್ಧಾ ಆಯೋಗದ ಆದೇಶವಾಯಿತು. ಆ ವಿವಾದದಲ್ಲಿ ಜೀವನೋಪಾಯದ ಮಾತೂ ಹಕ್ಕಿನ ಮಾತೂ ಸಾಕಷ್ಟು ನಡೆದುವು, ಮಕ್ಕಳ ಚಿತ್ರಗಳ ಭಾಷೆಯ ಗುಣದ ಮಾತು ಹೆಚ್ಚಾಗಿ ನಡೆಯಲಿಲ್ಲ. ಆನಿಮೇಷನ್, ಗೇಮುಗಳಿಗಾಗಿ ಕರ್ನಾಟಕ ಸರಕಾರವು 2012ರಲ್ಲಿಯೇ ಒಂದು ನೀತಿಯನ್ನು ಮಾಡಿತು. ಆದರೆ ಅದು ಮಾಹಿತಿ ತಂತ್ರಜ್ಞಾನದ ಇಲಾಖೆಯ ನೀತಿ. ಉದ್ಯೋಗ, ಬಂಡವಾಳ, ರಫ್ತು ಇವುಗಳ ಲೆಕ್ಕ. ಬೆಂಗಳೂರಿನ ಕಲಾವಿದರು ಪರದೇಶದ ಚಿತ್ರಗಳಿಗೆ ಬಣ್ಣ ತುಂಬುತ್ತಾರೆ. ಕಿಳ್ಳೇಕ್ಯಾತನಿಗೆ ಬಣ್ಣ ತುಂಬೆಂದು ಅವರನ್ನು ಕೇಳುವವರಿಲ್ಲ.

ಪಾವಗಡದ ಗಡಿಯ ಹಳ್ಳಿಗಳಲ್ಲಿ ಮಗುವು ತೆಲುಗನ್ನು ಹೇಗೂ ಬಲ್ಲದು. ಕನ್ನಡದ ಚಿತ್ರವು ನೀರಸವಾಗಿದ್ದರೆ ಅದು ಕ್ಷಣದಲ್ಲಿ ತೆಲುಗಿಗೆ ತಿರುಗುತ್ತದೆ. ಅದರ ಮೇಲೆ ದೋಷವಿಲ್ಲ, ರಸವಿದ್ದ ಕಡೆ ಮಗುವು ಹೋಗುತ್ತದೆ. ಶಾಲಾ ಇನ್‌ಸ್ಪೆಕ್ಟರಾಗಿದ್ದ ಪಂಜೆ ಮಂಗೇಶರಾಯರೂ, ಅವರ ಬಳಿಕ ಜಿ. ಪಿ. ರಾಜರತ್ನಂ ಅವರೂ ಮಕ್ಕಳಿಗಾಗಿ ಬರೆದ ಪದ್ಯಗಳು ಹಗುರವಾದುವು, ಅರ್ಥಕ್ಕಿಂತ ಕುಣಿತವೇ ಹೆಚ್ಚಾದುವು. ಅವುಗಳಿಗೆ ಕನ್ನಡ ಸಾಹಿತ್ಯದ ಚರಿತ್ರೆಯಲ್ಲಿ ಸ್ಥಾನವುಂಟು. ಕಾಗದದ ಮೇಲೆ ಕುಣಿದ ಶಬ್ದಕ್ಕೆ ಸಂದ ಮರ್ಯಾದೆಯು ಪರದೆಯ ಮೇಲೆ ಕುಣಿಯುವ ಗೆರೆಗೆ ಸಲ್ಲಬಾರದೇಕೆ?

ನಾಲ್ಕು ತಾಲ್ಲೂಕುಗಳ ಸಾಹಿತ್ಯಸಭೆಗಳವರು ತಿಂಗಳಿಗೊಂದು ಭಾನುವಾರ, ಗ್ರಂಥಾವಲೋಕನಕ್ಕೆ ಕುಳಿತುಕೊಳ್ಳುವಂತೆಯೇ, ಊರಿನ ಮಕ್ಕಳನ್ನು ಕೂಡಿಸಿಕೊಂಡು ಒಂದು ಚಿತ್ರವನ್ನು ನೋಡಲಿ. ಯಾರು ಬರೆದರು, ಯಾರು ಕನ್ನಡಿಸಿದರು, ಮಕ್ಕಳು ಎಲ್ಲಿ ನಕ್ಕರು, ಎಲ್ಲಿ ಆಕಳಿಸಿದರು ಎಂಬುದನ್ನು ಪತ್ರಿಕೆಗೆ ಬರೆಯಲಿ. ಮೊದಲನೆಯ ಭಾನುವಾರಕ್ಕೆ ಆ ಪಿಯಾನೋ ನುಡಿಸುವ ಬೆಕ್ಕಿನ ಚಿತ್ರವಾಗಬಹುದು. ಮಾತಿಲ್ಲದುದರಿಂದ ಭಾಷೆಯ ತೊಡಕಿಲ್ಲ. ಆಕ್ಷೇಪಕರನ್ನು ಮುಂದಿನ ಸಾಲಿನಲ್ಲಿಯೇ ಕೂರಿಸತಕ್ಕದ್ದು. ಅವರಿಗೆ ನಗೆ ಬಂದರೆ, ಅದು ಆರರಲ್ಲಿ ಯಾವುದೆಂಬುದನ್ನು ಅವರೇ ಬರೆದುಕೊಡಲಿ.