ಮುದ್ರೆ ನಿಜ, ಪತ್ರ ಸುಳ್ಳು

ವಿಶಾಖದತ್ತನ 'ಮುದ್ರಾರಾಕ್ಷಸ'ದ ಕಥೆ ಕನ್ನಡಿಗರಿಗೆ ಹೊಸದಲ್ಲ. 1823ರಲ್ಲಿಯೇ ಕೆಂಪುನಾರಾಯಣನು ಅದನ್ನು 'ಮುದ್ರಾಮಂಜೂಷ'ವೆಂಬ ಗದ್ಯಕೃತಿಯಲ್ಲಿ ಹೇಳಿದ್ದಾನೆ. ಅಮಾತ್ಯ ರಾಕ್ಷಸನ ಮುದ್ರೆಯುಂಗುರವು ಚಾಣಕ್ಯನ ಕೈಸೇರುತ್ತದೆ. ಚಾಣಕ್ಯನು ತನಗೆ ಬೇಕಾದ ಪತ್ರವನ್ನು ರಾಕ್ಷಸನ ಗೆಳೆಯ ಶಕಟದಾಸನಿಂದಲೇ ಬರೆಯಿಸಿ, ಅದಕ್ಕೆ ಆ ಮುದ್ರೆಯನ್ನೊತ್ತಿಸುತ್ತಾನೆ. ಅದನ್ನು ಕಂಡ ಮಲಯಕೇತು ರಾಕ್ಷಸನನ್ನು ದ್ರೋಹಿಯೆಂದೇ ನಂಬುತ್ತಾನೆ. ಅವನನ್ನು ಮೂರ್ಖನೆಂದು ಜರೆಯುವುದು ಸುಲಭ. ಆದರೆ ಮುದ್ರೆಯೇನೋ ನಿಜವಾದುದೇ ಆಗಿತ್ತಷ್ಟೆ!

ಅಂತರ್ಜಾಲದ ವ್ಯವಹಾರದಲ್ಲಿಯೂ ಇಂತಹುದೇ ಒಂದು ಪೇಚು ಉಂಟು. ಗ್ರಾಹಕನಿಗೆ ಕಾಣುವ ಪುಟ ಒಂದೆಡೆ. ಲೆಕ್ಕಪತ್ರಗಳನ್ನಿಟ್ಟುಕೊಂಡ ಸರ್ವರ್ ಇನ್ನೊಂದೆಡೆ. ಪುಟದ ವಿನಂತಿಗಳನ್ನು ಸರ್ವರ್ ಸ್ವೀಕರಿಸುವ ಬಾಗಿಲಿಗೆ ಎಪಿಐ ಎಂದು ಹೆಸರು. ಗ್ರಾಹಕನು ಒಮ್ಮೆ ಪಾಸ್‌ವರ್ಡ್ ಕೊಟ್ಟು ಒಳಹೊಕ್ಕೊಡನೆ ಅವನ ಬ್ರೌಸರಿಗೆ ಕುಕಿ ಎಂಬ ಗುರುತುಚೀಟಿ ದೊರೆಯುತ್ತದೆ. 1994ರಲ್ಲಿ ನೆಟ್‌ಸ್ಕೇಪಿನ ಲೂ ಮಾಂಟುಲಿ ರೂಪಿಸಿದ ಈ ಚೀಟಿಗೆ ಹುಟ್ಟುಗುಣವೊಂದಿತ್ತು. ಆ ಸರ್ವರಿಗೆ ಹೋಗುವ ಪ್ರತಿಯೊಂದು ವಿನಂತಿಗೂ ಬ್ರೌಸರ್ ತಾನಾಗಿಯೇ ಅದನ್ನು ಲಗತ್ತಿಸುತ್ತಿತ್ತು. ವಿನಂತಿಯನ್ನು ಹೊರಡಿಸಿದ ಪುಟ ಯಾವುದೆಂದು ವಿಚಾರಿಸುತ್ತಿರಲಿಲ್ಲ.

ಅಮೆರಿಕದ ನೆಟ್‌ಫ್ಲಿಕ್ಸ್ ಅಂಚೆಯ ಮೂಲಕ ಚಲನಚಿತ್ರದ ಡಿವಿಡಿಗಳನ್ನು ಬಾಡಿಗೆಗೆ ಕಳುಹಿಸುತ್ತಿದ್ದ ಕಾಲ. 2006ರಲ್ಲಿ ಅಲ್ಲಿ ಇದೇ ಲೋಪ ಬಯಲಾಯಿತು. ಚಂದಾದಾರನು ಬೇರಾವುದೋ ಪುಟವನ್ನು ತೆರೆದರೆ ಸಾಕು, ಅದರಲ್ಲಿ ಅಡಗಿಸಿಟ್ಟ ವಿನಂತಿಯು ಅವನ ಹೆಸರಿನಲ್ಲಿ ಡಿವಿಡಿಗೆ ಬೇಡಿಕೆ ಸಲ್ಲಿಸಬಹುದಾಗಿತ್ತು. ಅವನ ವಿಳಾಸವನ್ನೇ ಬದಲಾಯಿಸಬಹುದಾಗಿತ್ತು. ಪಾಸ್‌ವರ್ಡನ್ನು ಯಾರೂ ಕದಿಯಬೇಕಾಗಿರಲಿಲ್ಲ. ಡಿವಿಡಿಯ ಸ್ಥಾನದಲ್ಲಿ ಹಣವಿದ್ದರೆ? ಗೃಹಸ್ಥರು ಯೋಚಿಸಬೇಕಾದುದು ಇಲ್ಲಿಯೇ.

ಪರಿಹಾರವಿಲ್ಲದಿಲ್ಲ. ಸರ್ವರ್ ತನ್ನ ಪುಟಕ್ಕೆ ಮಾತ್ರ ಊಹೆಗೆ ನಿಲುಕದ ಟೋಕನ್ನೊಂದನ್ನು ಕೊಟ್ಟು, ಪ್ರತಿ ವಿನಂತಿಯಲ್ಲಿಯೂ ಅದನ್ನು ಮರಳಿ ಕೇಳುತ್ತದೆ. ಪರಕೀಯ ಪುಟವು ವಿನಂತಿಯನ್ನು ಕಳುಹಿಸಬಲ್ಲುದೇ ಹೊರತು ಬಂದ ಉತ್ತರವನ್ನು ಓದಲಾರದು. ಅದಕ್ಕೆ ಬ್ರೌಸರಿನ ಪ್ರತಿಬಂಧವಿದೆ. ಆದುದರಿಂದ ಟೋಕನ್ ಅದಕ್ಕೆ ದಕ್ಕುವುದಿಲ್ಲ. 2020ರಿಂದ ಕ್ರೋಮ್ ಬ್ರೌಸರ್, ಅನ್ಯತಾಣದಿಂದ ಹೊರಟ ಬಹುಪಾಲು ವಿನಂತಿಗಳಿಗೆ ಕುಕಿಯನ್ನು ಲಗತ್ತಿಸುವುದನ್ನೇ ನಿಲ್ಲಿಸಿದೆ.

ಆದರೆ ಪುಟ ಒಂದು ತಾಣದಲ್ಲಿ, ಎಪಿಐ ಮತ್ತೊಂದು ತಾಣದಲ್ಲಿ ಇದ್ದಾಗ ಈ ಕಟ್ಟನ್ನು ಕೊಂಚ ಸಡಿಲಿಸಲೇಬೇಕಾಗುತ್ತದೆ. ಎಡವುವುದು ಅಲ್ಲಿಯೇ. ಕೆಲಸ ಮುಗಿಸುವ ಆತುರದಲ್ಲಿರುವ ತಂತ್ರಜ್ಞನಿಗೆ ಬ್ರೌಸರಿನ ತಡೆ ಕಿರಿಕಿರಿಯಾಗಿ ಕಾಣುತ್ತದೆ. ತನ್ನ ಪುಟದ ವಿಳಾಸವೊಂದನ್ನೇ ಹೆಸರಿಸಿ ಅನುಮತಿ ಕೊಡುವ ಬದಲು, ಕೇಳಿದ ತಾಣಕ್ಕೆಲ್ಲ ಹೂಂ ಎನ್ನುವಂತೆ ಸರ್ವರಿಗೆ ಕಲಿಸಿಬಿಡುತ್ತಾನೆ. ತಡೆಯ ಸೂಚನೆ ಮಾಯವಾಗುತ್ತದೆ. ಅವನು ನೆಮ್ಮದಿಯಿಂದ ಮನೆಗೆ ಹೋಗುತ್ತಾನೆ. ಅಂದಿನಿಂದ ಪರಕೀಯ ಪುಟವೂ ಉತ್ತರವನ್ನು ಓದಬಲ್ಲುದು; ಟೋಕನ್ನೂ ಅದರ ಕೈಗೆ ಸಿಕ್ಕುತ್ತದೆ.