ವಾಲ್ವಿನ ಹೆಸರೂ ಅದರ ಗುಣವೂ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ವಾರ್ಷಿಕ ಸಂಚಿಕೆಗೆ ರೇಡಿಯೋ ವಾಲ್ವುಗಳ ವಿಷಯವಾಗಿ ಬರೆಯಹೊರಟಿರುವುದನ್ನು ಕಂಡು ಮಿತ್ರರು ನಗಬಹುದು. ನಗಲಿ, ಅಡ್ಡಿಯಿಲ್ಲ. ‘ಹೆಸರು ಕ್ಷೀರಸಾಗರಭಟ್ಟ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ’ ಎಂಬ ಗಾದೆಯ ಅರ್ಥವನ್ನು ನಾನು ಕಲಿತದ್ದು ತರಗತಿಯಲ್ಲಲ್ಲ. ಗಾಜಿನ ಒಂದು ವಾಲ್ವಿನಿಂದ. ಅದಕ್ಕೆ ತೆತ್ತ ಶುಲ್ಕ 3,600 ರೂಪಾಯಿ.

ನಮ್ಮ ತಾತ ಸುತ್ತಲಿನ ಊರುಗಳ ಮದುವೆಗಳಿಗೂ ಜಾತ್ರೆಗಳಿಗೂ ಮೈಕ್ ಸೆಟ್ಟು ಬಾಡಿಗೆಗೆ ಕೊಟ್ಟು ಸಂಸಾರ ಸಾಗಿಸಿದವರು. ಅವರ ಮೊದಲನೆಯ ಆಂಪ್ಲಿಫೈಯರು ವಾಲ್ವಿನದು. ಹಲವು ವರ್ಷಗಳಿಂದ ಅದು ಅಟ್ಟದ ಮೇಲೆ ಧೂಳು ಹಿಡಿದು ಕುಳಿತಿತ್ತು. ಕಣ್ಣು ಮುಚ್ಚುವುದರೊಳಗೆ ಅದರ ದನಿಯನ್ನು ಮತ್ತೊಮ್ಮೆ ಕೇಳಬೇಕೆಂಬುದು ತಾತನ ಆಸೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವನು ನಾನೇ ಮೊದಲಿಗ. ಇಷ್ಟು ಓದಿದವನಿಗೆ ಇದೊಂದು ದೊಡ್ಡ ಕೆಲಸವೇ ಎಂದು ಮುಂದಾದೆ.

ವಾಲ್ವನ್ನು ನೋಡದವರಿಗಾಗಿ ಎರಡು ಮಾತು. ಗಾಳಿ ತೆಗೆದ ಗಾಜಿನ ಬುರುಡೆಯೊಳಗೆ ಕ್ಯಾಥೋಡು ಎಂಬ ಲೋಹದ ಕೊಳವೆ ಕಾಯ್ದು ಎಲೆಕ್ಟ್ರಾನುಗಳನ್ನು ಹೊರಬಿಡುತ್ತದೆ. ಸುತ್ತಲಿನ ಪ್ಲೇಟು ಅವನ್ನು ಸೆಳೆದುಕೊಳ್ಳುತ್ತದೆ. ಇವೆರಡರ ನಡುವಿನ ಗ್ರಿಡ್ಡು ಎಂಬ ತಂತಿಯ ಜಾಲರಿ, ತೂಬಿನ ಬಾಗಿಲು ನೀರನ್ನು ತಡೆಯುವಂತೆ, ಆ ಪ್ರವಾಹವನ್ನು ಹೆಚ್ಚುಕಡಿಮೆ ಮಾಡುತ್ತದೆ. 1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ಎರಡು ಅಂಗಗಳ ವಾಲ್ವನ್ನು ಮಾಡಿದನು; 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಅದಕ್ಕೆ ಮೂರನೆಯ ಅಂಗವನ್ನು ಸೇರಿಸಿದನು. 1947ರಲ್ಲಿ ಟ್ರಾನ್ಸಿಸ್ಟರು ಹುಟ್ಟಿದ ಮೇಲೆ ವಾಲ್ವು ಕ್ರಮೇಣ ಹಿಂದೆ ಸರಿಯಿತು. ಆದರೂ ಸಂಗೀತಪ್ರಿಯರು ಅದನ್ನು ಬಿಟ್ಟಿಲ್ಲ. ಸ್ಲೊವಾಕಿಯ, ರಷ್ಯ, ಚೀನ ದೇಶಗಳಲ್ಲಿ ಅದು ಇಂದಿಗೂ ತಯಾರಾಗುತ್ತಿದೆ. ಹಳೆಯ ಕಾಲದ ವಾಲ್ವುಗಳಿಗಂತೂ ಹೊಸದಕ್ಕಿಂತ ಹೆಚ್ಚಿನ ಬೆಲೆ.

ಈ ಬೆಲೆಯ ಮಹಿಮೆಗೆ ನಾನೂ ಮರುಳಾದೆ. ತಾತನ ಸೆಟ್ಟಿಗೆ ಬೇಕಾದುದು ಎರಡು ಇಎಲ್ 84. ವಿದ್ಯಾರ್ಥಿವೇತನದಲ್ಲಿ ಉಳಿಸಿದ್ದ ಹಣದಿಂದ, ಪ್ರಸಿದ್ಧ ಇಂಗ್ಲಿಷ್ ಹೆಸರಿನ ಹಳೆಯ ಜೋಡಿಯೊಂದನ್ನು ದೂರದ ವ್ಯಾಪಾರಿಯಿಂದ ಅಂಚೆಯಲ್ಲಿ ತರಿಸಿ ಸಿಕ್ಕಿಸಿದೆ. ನಾಲ್ಕು ನಿಮಿಷ ಹಾಡು ಬಂತು. ಐದನೆಯ ನಿಮಿಷದಲ್ಲಿ ಒಂದು ವಾಲ್ವಿನ ಪ್ಲೇಟು ಕೆಂಡದಂತೆ ಕೆಂಪಾಯಿತು. ಸ್ವಿಚ್ಚು ಆರಿಸುವಷ್ಟರಲ್ಲಿ ಅದರ ಕಥೆ ಮುಗಿದಿತ್ತು. ಆ ವ್ಯಾಪಾರಿಯನ್ನು ಮನಸಾರೆ ಬೈದೆ. ತಾತ ಬೈಯಲಿಲ್ಲ. “ಹೆಸರು ಓದಿಕೊಂಡು ಬಂದೆ ಮಗಾ, ಸರಿ. ಸೆಟ್ಟನ್ನ ಓದಿದೆಯಾ?” ಎಂದರು.

ತಾತ ಓದಿದ್ದು ನಾಲ್ಕನೆಯ ಇಯತ್ತೆ. ಅವರು ವಾಲ್ವುಗಳನ್ನು ಕಿತ್ತು, ಬರಿಯ ಸಾಕೆಟ್ಟಿನ ಗ್ರಿಡ್ಡಿನ ಕಾಲಿಗೆ ಮೀಟರು ಇಡಿಸಿದರು. ಅಲ್ಲಿ ಸೊನ್ನೆ ಇರಬೇಕಾಗಿತ್ತು. 9 ವೋಲ್ಟ್ ತೋರಿಸಿತು. ಹಿಂದಿನ ಹಂತದಿಂದ ಹಾಡನ್ನು ಮಾತ್ರ ದಾಟಿಸಿ, ಅಲ್ಲಿಯ ಹೆಚ್ಚಿನ ವೋಲ್ಟನ್ನು ತಡೆಯತಕ್ಕ ಕಾಗದದ ಕಂಡೆನ್ಸರು ಮುಪ್ಪಾಗಿ ಸೋರುತ್ತಿತ್ತು. ಅದರಿಂದ ಗ್ರಿಡ್ಡಿನ ಬಿಗಿ ಸಡಿಲಿ, ಎಲೆಕ್ಟ್ರಾನುಗಳು ಮಿತಿಯಿಲ್ಲದೆ ನುಗ್ಗಿ ಪ್ಲೇಟನ್ನು ಸುಟ್ಟಿದ್ದವು. ತಪ್ಪು ವ್ಯಾಪಾರಿಯದಲ್ಲ, ವಾಲ್ವಿನದೂ ಅಲ್ಲ, ನನ್ನದು. ಹೊಸ ಕಂಡೆನ್ಸರಿನ ಬೆಲೆ 20 ರೂಪಾಯಿ.

ಆದುದರಿಂದ ನನ್ನ ಮೊದಲನೆಯ ಅಭಿಪ್ರಾಯವಿದು: ಹಳೆಯ ಸೆಟ್ಟಿಗೆ ವಾಲ್ವು ಕೊಳ್ಳುವ ಮೊದಲು ಸೆಟ್ಟನ್ನು ಗುಣಪಡಿಸಬೇಕು. ಒಣಗಿದ ಎಲೆಕ್ಟ್ರೋಲಿಟಿಕ್ ಕಂಡೆನ್ಸರುಗಳನ್ನೂ ಸೋರುವ ಕಾಗದದ ಕಂಡೆನ್ಸರುಗಳನ್ನೂ ಬದಲಿಸಿ, ಸಾಕೆಟ್ಟುಗಳ ಕಿಲುಬು ತೆಗೆಯಬೇಕು. ಮೊದಲ ಸಲ ಕರೆಂಟು ಕೊಡುವಾಗ ತಾತ ದಾರಿಯಲ್ಲಿ ಒಂದು ಸೀರೀಸ್ ಬಲ್ಬು ಹಾಕುತ್ತಾರೆ. ಒಳಗೆ ಷಾರ್ಟ್ ಇದ್ದರೆ ಬಲ್ಬು ಪ್ರಕಾಶವಾಗಿ ಉರಿಯುತ್ತದೆ, ಸೆಟ್ಟು ಉಳಿಯುತ್ತದೆ. ಈ ಕೆಲಸ ಆಟವಲ್ಲ. ಒಳಗೆ 300 ವೋಲ್ಟಿಗೂ ಮೇಲ್ಪಟ್ಟು ಇರಬಹುದು; ಪ್ಲಗ್ಗು ಕಿತ್ತ ಮೇಲೂ ಅದು ಕಂಡೆನ್ಸರಿನಲ್ಲಿ ನಿಂತಿರುತ್ತದೆ. ರೆಸಿಸ್ಟರಿನ ಮೂಲಕ ಅದನ್ನು ಇಳಿಸಿ, ಇಳಿದುದನ್ನು ಮೀಟರಿನಲ್ಲಿ ನೋಡದೆ ಕೈಯಿಡಕೂಡದು. ಬಲ್ಲವರು ಪಕ್ಕದಲ್ಲಿಲ್ಲದೆ ಯಾರೂ ಮುಚ್ಚಳ ತೆಗೆಯದಿರಲಿ.

ಎರಡನೆಯದು ಆಯ್ಕೆಯ ವಿಷಯ. ವಾಲ್ವಿನ ಮೇಲೆ ಎರಡು ಹೆಸರುಗಳಿರುತ್ತವೆ. ಜಾತಿಯ ಹೆಸರನ್ನು ಗೌರವಿಸಲೇಬೇಕು. ಇಎಲ್ 84 ಎಂಬಲ್ಲಿ ‘ಇ’ ಎಂದರೆ 6.3 ವೋಲ್ಟಿನ ಹೀಟರು, ‘ಎಲ್’ ಎಂದರೆ ಶಕ್ತಿ ಕೊಡುವ ಪೆಂಟೋಡು. ಅಮೆರಿಕದಲ್ಲಿ ಇದನ್ನೇ 6ಬಿಕ್ಯೂ5 ಎನ್ನುತ್ತಾರೆ. ತಯಾರಿಸಿದವರ ಹೆಸರು ಮಾತ್ರ ಸಂದೇಹಕ್ಕೆ ಆಸ್ಪದವುಳ್ಳದ್ದು. ಹಿಂದೆಯೂ ಒಂದು ಕಾರ್ಖಾನೆಯ ಮಾಲಿಗೆ ಮತ್ತೊಂದು ಕಾರ್ಖಾನೆಯ ಮುದ್ರೆ ಒತ್ತುವುದು ವಾಡಿಕೆಯಾಗಿತ್ತು. ಮುಲಾರ್ಡ್ ಎಂಬ ಹಳೆಯ ಇಂಗ್ಲಿಷ್ ಹೆಸರನ್ನೇ ಹೊತ್ತು ರಷ್ಯದಲ್ಲಿ ತಯಾರಾದ ವಾಲ್ವುಗಳೂ ಪೇಟೆಗೆ ಬಂದಿವೆ. ಇತಿಹಾಸದ ವಿದ್ಯಾರ್ಥಿಗಳಾದ ನಾವು ಕೂಟಶಾಸನಗಳ ಮಾತನ್ನು ಕೇಳಿದ್ದೇವೆ. ತಾಮ್ರದ ಮೇಲೆ ಅರಸನ ಹೆಸರಿದ್ದ ಮಾತ್ರಕ್ಕೆ ಶಾಸನ ಅರಸನದಾಗದು; ಲಿಪಿ, ಭಾಷೆ, ಕಾಲಗಳನ್ನು ಪರೀಕ್ಷಿಸಿಯೇ ಒಪ್ಪಬೇಕು. ಗಾಜಿನ ಮೇಲಿನ ಬರಹಕ್ಕೆ ಬೇರೊಂದು ನ್ಯಾಯವುಂಟೇ?

ತಾತನ ಹಳೆಯ ಡಬ್ಬದಲ್ಲಿ ಏಳು ಇಎಲ್ 84 ಇದ್ದವು. ಕೆಲವು ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್‌ನವು. 1954ರಲ್ಲಿ ಸ್ಥಾಪಿತವಾದ ಆ ಸಂಸ್ಥೆ 1961ರಿಂದ ವಾಲ್ವುಗಳನ್ನು ತಯಾರಿಸಿತು. ಉಳಿದವುಗಳ ಹೆಸರು ಅಳಿಸಿಹೋಗಿತ್ತು. ನಾನು ಅವನ್ನೆಲ್ಲ ಕಸವೆಂದು ಬಗೆದು 3,600 ರೂಪಾಯಿಗೆ ಕೈಹಾಕಿದ್ದೆ! ಈಗ ಒಂದೊಂದನ್ನೇ ಪರೀಕ್ಷಿಸಿದೆವು. ಬುರುಡೆಯ ನೆತ್ತಿಯೊಳಗೆ ಕನ್ನಡಿಯಂತೆ ಹೊಳೆಯುವ ಬೇರಿಯಮ್ ಲೇಪವಿರುತ್ತದೆ. ಅಳಿದುಳಿದ ಗಾಳಿಯನ್ನು ಹೀರುವುದು ಅದರ ಕೆಲಸ. ಒಂದರಲ್ಲಿ ಅದು ಸುಣ್ಣದಂತೆ ಬೆಳ್ಳಗಾಗಿತ್ತು, ಎಂದರೆ ಗಾಳಿ ಹೊಕ್ಕಿತ್ತು. ಇನ್ನೊಂದು ಪೆನ್ಸಿಲಿನಿಂದ ಮೆಲ್ಲಗೆ ತಟ್ಟಿದರೆ ಹಾರ್ನಿನಲ್ಲಿ ಗಂಟೆ ಬಾರಿಸಿದಂತೆ ಮೊಳಗಿತು. ಉಳಿದ ಐದನ್ನು ಮೀಟರಿನಿಂದ ತೂಗಿದೆವು.

ತೂಗುವ ಬಗೆ ಸರಳ. ಕ್ಯಾಥೋಡಿನ ದಾರಿಯಲ್ಲಿ 10 ಓಮಿನ ರೆಸಿಸ್ಟರು ಹಾಕಿ ಅದರ ಮೇಲಿನ ವೋಲ್ಟನ್ನು ಅಳೆಯುವುದು. 0.40 ವೋಲ್ಟ್ ಬಂದರೆ 40 ಮಿಲಿಆಂಪಿಯರ್ ಹರಿಯುತ್ತಿದೆ ಎಂದರ್ಥ. ಅದರಲ್ಲಿ ಸ್ಕ್ರೀನ್ ಗ್ರಿಡ್ಡಿನ ಪಾಲೆಂದು ಸುಮಾರು 4 ಕಳೆದರೆ ಪ್ಲೇಟಿಗೆ 36. ಪ್ಲೇಟಿನ 300 ವೋಲ್ಟಿನಿಂದ ಗುಣಿಸಿದರೆ 10.8 ವಾಟ್. ಇಎಲ್ 84ರ ಪ್ಲೇಟು ತಡೆಯುವ ಮಿತಿ 12 ವಾಟ್. ಎರಡು ವಾಲ್ವುಗಳು ಭಾರವನ್ನು ಹಂಚಿಕೊಂಡು ದುಡಿಯುವ ಸೆಟ್ಟಿನಲ್ಲಿ ಇವುಗಳ ಅಳತೆ ಹತ್ತಿರ ಹತ್ತಿರ ಇರಬೇಕು. ಜೋಡೆತ್ತುಗಳಲ್ಲಿ ಒಂದು ಎಳೆಯದಿದ್ದರೆ ನೇಗಿಲ ಸಾಲು ಸೊಟ್ಟಗಾಗುವುದಷ್ಟೆ. ನಮಗೆ 0.40 ಮತ್ತು 0.39ರ ಜೋಡಿ ದೊರೆಯಿತು. ಎರಡಕ್ಕೂ ಹೆಸರಿರಲಿಲ್ಲ!

ಹಳೆಯ ವಾಲ್ವಿಗೆ ಪುನರ್ಜನ್ಮ ಕೊಡುವೆವೆಂಬ ಮಾತನ್ನೂ ನಂಬುವಂತಿಲ್ಲ. ಕಾಲುಗಳ ಕಿಲುಬನ್ನು ಉಜ್ಜಬಹುದು. ದೊಡ್ಡ ಬುಡದ ವಾಲ್ವುಗಳಲ್ಲಿ ಸಡಿಲವಾದ ಕಾಲಿಗೆ ಮತ್ತೆ ಬೆಸುಗೆ ಹಾಕಬಹುದು. ಸವೆದ ಕ್ಯಾಥೋಡನ್ನು ಹೀಟರಿನ ವೋಲ್ಟು ಏರಿಸಿ ಎಚ್ಚರಿಸಿದರೆ ಬರುವ ಶಕ್ತಿ ಬಹುಮಟ್ಟಿಗೆ ತಾತ್ಕಾಲಿಕ. ದೀಪ ಆರುವ ಮುನ್ನ ಒಮ್ಮೆ ಜ್ವಲಿಸಿದಂತೆ.

ಹಳೆಯ ವಾಲ್ವುಗಳ ದನಿಯೇ ಬೇರೆ, ಅದು ಮೀಟರಿಗೆ ಸಿಕ್ಕದು ಎಂದು ಕೆಲವರು ವಾದಿಸುವರು. ಕಿವಿಯ ರುಚಿಯನ್ನು ನಾನು ಹೀಗಳೆಯುವವನಲ್ಲ. ಹಿಂದಿನ ಕಾರ್ಖಾನೆಗಳ ಕೆಲಸ ಹಲವೆಡೆ ಉತ್ತಮವಾಗಿತ್ತೆಂಬುದೂ ನಿಜ. ಆದರೆ ಕಿವಿ ತೀರ್ಪು ಹೇಳಬೇಕಾದುದು ವಾಲ್ವು ಆರೋಗ್ಯವಾಗಿದೆಯೆಂದು ಮೀಟರು ಹೇಳಿದ ಮೇಲೆ. ಬೆಲೆಯ ಚೀಟಿ ನೋಡಿದ ಮೇಲೆ ಅಲ್ಲ.

ಈ ವಿದ್ಯೆ ಬಲ್ಲ ಹಿರಿಯರು ಊರೂರುಗಳಲ್ಲಿ ವಿರಳವಾಗುತ್ತಿದ್ದಾರೆ. ಅವರ ಬಳಿ ಪದವಿಯಿಲ್ಲ. ಪ್ಲೇಟಿನ ಬಣ್ಣ ನೋಡಿ ರೋಗ ಹೇಳುವ ಕಣ್ಣಿದೆ. ರಜೆಯಲ್ಲಿ ಊರಿಗೆ ಹೋಗುವ ನಾವು ಅವರ ಮಾತನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟರೆ, ಅದೂ ಇತಿಹಾಸದ ಕೆಲಸವೇ ಎಂದು ನನ್ನ ಗುರುಗಳೂ ಒಪ್ಪುವರೆಂದು ನಂಬಿದ್ದೇನೆ.

ಕಳೆದ ತಿಂಗಳು ತಾತನ ಸೆಟ್ಟು ಹಾಡಿತು. ತಾತ ಹಾಡು ಕೇಳುವುದಕ್ಕಿಂತ ಹೆಚ್ಚಾಗಿ, ಬಾಗಿ ಪ್ಲೇಟುಗಳನ್ನೇ ನೋಡುತ್ತ ಕುಳಿತಿದ್ದರು. ಇನ್ನು ಕೆಲವೇ ತಿಂಗಳಲ್ಲಿ ನನ್ನ ಹೆಸರಿನ ಮುಂದೆಯೂ ಬಿ.ಎ. ಎಂಬ ಎರಡಕ್ಷರ ಅಚ್ಚಾಗಲಿದೆ. ಅದೂ ಗಾಜಿನ ಮೇಲಿನ ಬರಹದಂಥದೇ. ಒಳಗೆ ಎಷ್ಟು ಹರಿಯುತ್ತಿದೆ ಎಂಬುದನ್ನು ಲೋಕ ಮೀಟರಿಟ್ಟು ನೋಡದೆ ಬಿಡದು.