ಪಾರ್ಲಿಮೆಂಟಿನ ಒಂದು ದಿನ

ಶಾಸನಸಭೆಯ ಕಲಾಪವೆಂದರೆ ನಮ್ಮ ಜನರಲ್ಲಿ ಅನೇಕರಿಗೆ ಬೇಸರ. ಮಸೂದೆಯ ವಾಚನ, ತಿದ್ದುಪಡಿ, ಎರಡು ಸಭೆಗಳ ನಡುವಣ ಸಮಾಲೋಚನೆ, ಮತಗಣನೆ, ಇವುಗಳಲ್ಲಿ ಸ್ವಾರಸ್ಯವೇನಿದೆಯೆಂದು ಅವರು ಕೇಳುವರು. ರಣರಂಗದಲ್ಲಿ ಮಡಿದ ವೀರನ ಕಥೆಯನ್ನು ಮಕ್ಕಳಿಗೆ ಹೇಳುವವರುಂಟು. ಕಾಯಿದೆಯ ಒಂದು ಕಲಮಿಗಾಗಿ ಹಗಲೆಲ್ಲ ಹೋರಾಡಿದವನ ಕಥೆಯನ್ನು ಹೇಳುವವರಿಲ್ಲ. ಆದರೆ ನಿರಪರಾಧಿಯಾದವನು ಸೆರೆಮನೆಯ ಕತ್ತಲೆಯಿಂದ ಹೊರಬರುವುದು ಬಹುಮಟ್ಟಿಗೆ ಇಂಥ ನೀರಸ ಕಲಾಪಗಳ ಬಲದಿಂದಲೇ ಎಂಬುದನ್ನು ಸ್ವಾತಂತ್ರ್ಯಪ್ರಿಯರು ಮರೆಯತಕ್ಕದ್ದಲ್ಲ. ಇದಕ್ಕೆ ನಿದರ್ಶನವಾಗಿ, 1679ನೆಯ ಇಸವಿ ಮೇ ತಿಂಗಳು 27ರಂದು ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ನಡೆದ ಒಂದು ದಿನದ ಕೆಲಸವನ್ನು ವಾಚಕರ ಮುಂದಿಡಲು ಅಪೇಕ್ಷಿಸುತ್ತೇವೆ.

ಆಗ ಆ ದೇಶವನ್ನು ಆಳುತ್ತಿದ್ದವನು ಎರಡನೆಯ ಚಾರ್ಲ್ಸ್ ದೊರೆ. ಅದೇ ವರ್ಷದ ಮಾರ್ಚಿಯಲ್ಲಿ ಸೇರಿದ್ದ ಹೊಸ ಪಾರ್ಲಿಮೆಂಟಿಗೂ ದೊರೆಗೂ ಮೊದಲಿನಿಂದಲೇ ಸರಿಹೋಗಲಿಲ್ಲ. ದೊರೆಯ ತಮ್ಮನಾದ ಜೇಮ್ಸನು ರೋಮನ್ ಕ್ಯಾಥೊಲಿಕ್ ಮತಸ್ಥನಾದುದರಿಂದ ಅವನಿಗೆ ಸಿಂಹಾಸನ ದೊರೆಯಕೂಡದೆಂಬ ಮಸೂದೆಯನ್ನು ಕಾಮನ್ಸ್ ಸಭೆಯವರು ತಂದಿದ್ದರು. ಮೇ 21ರಂದು ಎರಡನೆಯ ವಾಚನದಲ್ಲಿ ಅದರ ಪರವಾಗಿ 207 ಮತಗಳೂ ವಿರೋಧವಾಗಿ 128 ಮತಗಳೂ ಬಂದವು. ಇದನ್ನು ಕಂಡ ದೊರೆಯು ಅಧಿವೇಶನವನ್ನೇ ಮುಗಿಸಿಬಿಡಲು ನಿಶ್ಚಯಿಸಿದನು. ಅಧಿವೇಶನ ಮುಗಿದರೆ ಪೂರ್ತಿಯಾಗದ ಮಸೂದೆಗಳೆಲ್ಲವೂ ಸತ್ತಂತೆಯೇ ಸರಿ. ಹೀಗೆ ಸಾವಿನ ಬಾಗಿಲಲ್ಲಿ ನಿಂತಿದ್ದ ಮಸೂದೆಗಳಲ್ಲಿ ಹೇಬಿಯಸ್ ಕಾರ್ಪಸ್ ಮಸೂದೆಯೂ ಒಂದು.

ಹೇಬಿಯಸ್ ಕಾರ್ಪಸ್ ಎಂಬ ಆಜ್ಞೆ ಅಂದಿಗೇ ಬಹು ಹಳೆಯದಾಗಿತ್ತು. ಸೆರೆಯಲ್ಲಿಟ್ಟವನ ದೇಹವನ್ನು ನ್ಯಾಯಾಸನದ ಮುಂದೆ ತಂದು ನಿಲ್ಲಿಸು, ಏಕೆ ಹಿಡಿದೆಯೆಂಬುದಕ್ಕೆ ಕಾರಣ ಹೇಳು, ಎಂಬುದೇ ಅದರ ತಾತ್ಪರ್ಯ. ಹಕ್ಕು ಇದ್ದಿತು, ಆದರೆ ಅದು ಕೈಗೆ ಹತ್ತುತ್ತಿರಲಿಲ್ಲ. 1627ರಲ್ಲಿ ಮೊದಲನೆಯ ಚಾರ್ಲ್ಸನಿಗೆ ಬಲಾತ್ಕಾರದ ಸಾಲವನ್ನು ಕೊಡಲೊಲ್ಲದೆ ಸೆರೆಗೆ ಹೋದ ಐವರು ನೈಟರು ಈ ಆಜ್ಞೆಯನ್ನು ಬೇಡಿದಾಗ, ದೊರೆಯ ವಿಶೇಷಾಜ್ಞೆಯೇ ಸಾಕಾದ ಕಾರಣವೆಂದು ಉತ್ತರ ಬಂದಿತು. ನ್ಯಾಯಾಧಿಪತಿಗಳು ಅವರನ್ನು ಮರಳಿ ಸೆರೆಗೇ ಕಳುಹಿಸಿದರು. 1628ರ ಹಕ್ಕಿನ ಬಿನ್ನಹವೂ 1641ರ ಕಾಯಿದೆಯೂ ಈ ಬಾಗಿಲನ್ನು ಮುಚ್ಚಲು ಯತ್ನಿಸಿದವು. ಅಧಿಕಾರಕ್ಕೆ ಮುಂಬಾಗಿಲು ಮುಚ್ಚಿದರೇನಂತೆ, ಹಿತ್ತಲ ಬಾಗಿಲು ಇದ್ದೇ ಇರುತ್ತದೆ. ಜೈಲರನು ಮೊದಲನೆಯ ಆಜ್ಞೆಯನ್ನು ಲಕ್ಷಿಸದೆ ಎರಡನೆಯದಕ್ಕೂ ಮೂರನೆಯದಕ್ಕೂ ಕಾಯುತ್ತಿದ್ದನು. ಕೈದಿಯನ್ನು ಒಂದು ಸೆರೆಮನೆಯಿಂದ ಇನ್ನೊಂದಕ್ಕೆ ಸಾಗಿಸಿ, ನಮ್ಮಲ್ಲಿಲ್ಲವೆಂದು ಹೇಳುತ್ತಿದ್ದರು. ಇಂಗ್ಲಿಷ್ ನ್ಯಾಯಸ್ಥಾನಗಳ ಕೈಗೆಟುಕದ ದೂರದ ದ್ವೀಪಗಳಿಗೆ ಕಳುಹಿಸಿಬಿಡುವುದೂ ಉಂಟು. 1667ರಲ್ಲಿ ಕ್ಲಾರೆಂಡನ್ ಪ್ರಭುವಿನ ಮೇಲೆ ಬಂದ ಆರೋಪಗಳಲ್ಲಿ ಇದೂ ಒಂದಾಗಿತ್ತು. 1676ರಲ್ಲಿ ಫ್ರಾನ್ಸಿಸ್ ಜೆಂಕ್ಸ್ ಎಂಬ ಲಂಡನ್ನಿನ ಬಟ್ಟೆಯ ವ್ಯಾಪಾರಿಯು ಹೊಸ ಪಾರ್ಲಿಮೆಂಟು ಬೇಕೆಂದು ನಗರದ ಸಭೆಯಲ್ಲಿ ಭಾಷಣ ಮಾಡಿದ ತಪ್ಪಿಗಾಗಿ ಸೆರೆಯಾದನು. ಆಜ್ಞೆಯನ್ನು ಬೇಡಿದರೆ, ಇದು ನ್ಯಾಯಾಲಯದ ರಜಾಕಾಲವೆಂಬ ಉತ್ತರ ಸಿಕ್ಕಿತು. ಹಸಿದವನಿಗೆ ಅಡಿಗೆಯವನು ಊರಲ್ಲಿಲ್ಲವೆಂದು ಹೇಳಿದಂತೆ.

ಹತ್ತು ವರ್ಷಗಳಿಗೂ ಮಿಕ್ಕ ಕಾಲದಿಂದ ಕಾಮನ್ಸ್ ಸಭೆಯವರು ಇದಕ್ಕೆ ಪರಿಹಾರವನ್ನು ಹುಡುಕುತ್ತ ಮಸೂದೆಯ ಮೇಲೆ ಮಸೂದೆಯನ್ನು ತಂದು ಸೋತಿದ್ದರು. ಕೊನೆಗೆ 1679ರಲ್ಲಿ ಸಿದ್ಧವಾದ ಮಸೂದೆಯ ಹೆಚ್ಚಳವೇನೆಂಬುದನ್ನು ವಾಚಕರು ಲಕ್ಷ್ಯವಿಟ್ಟು ನೋಡಬೇಕು. ಅದರಲ್ಲಿ ಸ್ವಾತಂತ್ರ್ಯದ ಮಹಿಮೆಯನ್ನು ಹೊಗಳುವ ಮಾತುಗಳಿಲ್ಲ. ಇರುವುದೆಲ್ಲ ಗಂಟೆ, ದಿನ, ಮೈಲಿ, ಪೌಂಡುಗಳ ಲೆಕ್ಕ. ಕೈದಿಯು ಕೇಳಿದ ಆರು ಗಂಟೆಗಳೊಳಗೆ ಸೆರೆಯ ವಾರಂಟಿನ ನಕಲನ್ನು ಕೊಡಬೇಕು. ಆಜ್ಞೆ ಬಂದ ಮೇಲೆ, ಇಪ್ಪತ್ತು ಮೈಲಿಯೊಳಗಾದರೆ ಮೂರು ದಿನಗಳಲ್ಲಿಯೂ, ನೂರು ಮೈಲಿಯವರೆಗಾದರೆ ಹತ್ತು ದಿನಗಳಲ್ಲಿಯೂ, ಅದಕ್ಕೂ ದೂರವಾದರೆ ಇಪ್ಪತ್ತು ದಿನಗಳಲ್ಲಿಯೂ ಕೈದಿಯನ್ನು ತಂದು ನಿಲ್ಲಿಸಬೇಕು. ತಪ್ಪಿದ ಜೈಲರನು ಮೊದಲ ಸಲ ನೂರು ಪೌಂಡುಗಳನ್ನೂ ಎರಡನೆಯ ಸಲ ಇನ್ನೂರು ಪೌಂಡುಗಳನ್ನೂ ಕೈದಿಗೇ ತೆರಬೇಕು. ಎರಡನೆಯ ಸಲ ಉದ್ಯೋಗವೂ ಹೋಗುವುದು. ರಜಾಕಾಲವೆಂಬ ನೆಪದಿಂದ ಆಜ್ಞೆಯನ್ನು ಕೊಡದ ನ್ಯಾಯಾಧಿಪತಿಯು ಐನೂರು ಪೌಂಡುಗಳನ್ನು ತೆರಬೇಕು. ಇಂಗ್ಲೆಂಡಿನ ನಿವಾಸಿಯನ್ನು ಸೆರೆಗಾಗಿ ಸ್ಕಾಟ್ಲೆಂಡ್, ಐರ್ಲೆಂಡ್, ಜೆರ್ಸಿ, ಗರ್ನ್ಸಿ, ಟ್ಯಾಂಜಿಯರ್ ಮುಂತಾದ ಹೊರನಾಡುಗಳಿಗೆ ಕಳುಹಿಸಕೂಡದು. ರಾಜದ್ರೋಹ ಮತ್ತು ಘೋರಾಪರಾಧಗಳ ಆರೋಪ ಹೊತ್ತವರನ್ನು ಈ ಕ್ರಮದಿಂದ ಹೊರಗಿಟ್ಟರೂ, ಅವರನ್ನು ವಿಚಾರಣೆಯಿಲ್ಲದೆ ಕೊಳೆಯಿಸಲು ಬಿಡಲಿಲ್ಲ. ಎರಡನೆಯ ನ್ಯಾಯಾವಧಿಯೊಳಗೆ ವಿಚಾರಣೆ ನಡೆಯದಿದ್ದರೆ ಬಿಡುಗಡೆ ಮಾಡಬೇಕೆಂದು ವಿಧಿಸಿದರು.

ಈ ಕಾಯಿದೆಯ ಗುಟ್ಟು ಇಲ್ಲಿಯೇ ಇದೆಯೆಂದು ನಾವು ತಿಳಿಯುತ್ತೇವೆ. ಹಕ್ಕನ್ನು ಸಾರುವುದು ಸುಲಭ; ಹಕ್ಕನ್ನು ಮುರಿದವನು ತನ್ನ ಸ್ವಂತ ಚೀಲದಿಂದ ದಂಡ ತೆರುವಂತೆ ಮಾಡುವುದು ಕಷ್ಟ. ದೊರೆಯ ಆಜ್ಞೆಯೆಂದು ಜೈಲರನು ತಪ್ಪಿಸಿಕೊಳ್ಳುವಂತಿಲ್ಲ. ರಜೆಯೆಂದು ನ್ಯಾಯಾಧಿಪತಿಯು ತಪ್ಪಿಸಿಕೊಳ್ಳುವಂತಿಲ್ಲ. ತಪ್ಪು ಸರ್ಕಾರವೆಂಬ ನಿರಾಕಾರ ವಸ್ತುವಿನ ತಲೆಗೆ ಹೋಗದೆ, ಹೆಸರೂ ಉದ್ಯೋಗವೂ ಉಳ್ಳ ಒಬ್ಬ ಮನುಷ್ಯನ ತಲೆಗೆ ಬರುವುದು. ಯಾರಿಗೂ ಸೇರದ ತಪ್ಪನ್ನು ಎಲ್ಲರೂ ಮಾಡುತ್ತಾರೆ.

ಇನ್ನು ಅಂದಿನ ಕಲಾಪಕ್ಕೆ ಬರೋಣ. ಲಾರ್ಡ್ಸ್ ಸಭೆಯವರು ಮಸೂದೆಗೆ ಮಾಡಿದ್ದ ತಿದ್ದುಪಡಿಗಳನ್ನು ಕಾಮನ್ಸ್ ಸಭೆಯವರು ಒಪ್ಪಿರಲಿಲ್ಲ. ಭಿನ್ನಾಭಿಪ್ರಾಯವನ್ನು ತೀರಿಸಲು ಎರಡು ಸಭೆಗಳ ಪ್ರತಿನಿಧಿಗಳು ಮತ್ತೊಮ್ಮೆ ಸೇರಿ ಮಾತನಾಡಬೇಕೇ ಬೇಡವೇ ಎಂಬ ಪ್ರಶ್ನೆ ಲಾರ್ಡ್ಸ್ ಸಭೆಯಲ್ಲಿ ಮತಕ್ಕೆ ಬಂದಿತು. ಬೇಡವೆಂದಿದ್ದರೆ ಮಸೂದೆಯ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಬೇಕೆಂದವರು 57, ಬೇಡವೆಂದವರು 55 ಎಂದು ಲೆಕ್ಕವಾಯಿತು. ಸಮಾಲೋಚನೆ ನಡೆದು, ಎರಡು ಸಭೆಗಳೂ ಒಂದಾದವು. ದೊರೆಯು ಸಭೆಗೆ ಬಂದು ನಾರ್ಮನ್ ಫ್ರೆಂಚ್ ಮಾತಿನ ಹಳೆಯ ಪದ್ಧತಿಯಂತೆ ಅನುಮತಿಯನ್ನಿತ್ತು, ಅಧಿವೇಶನವನ್ನು ಮುಗಿಸಿದನು. ಜೇಮ್ಸನ ಮೇಲಣ ಮಸೂದೆ ಸತ್ತಿತು. ಹೇಬಿಯಸ್ ಕಾರ್ಪಸ್ ಬದುಕಿತು. ಜುಲೈ ತಿಂಗಳಲ್ಲಿ ಆ ಪಾರ್ಲಿಮೆಂಟೇ ವಿಸರ್ಜಿತವಾಯಿತು.

ಈ ಮತಗಣನೆಯ ವಿಷಯದಲ್ಲಿ ಬಿಷಪ್ ಬರ್ನೆಟ್ಟನು ತನ್ನ ಕಾಲದ ಇತಿಹಾಸದಲ್ಲಿ ಒಂದು ವಿನೋದವನ್ನು ಬರೆದಿದ್ದಾನೆ. ಮತ ಎಣಿಸಲು ನಿಂತವರು ಗ್ರೇ ಪ್ರಭು ಮತ್ತು ನಾರಿಸ್ ಪ್ರಭು. ಬಹು ಸ್ಥೂಲಕಾಯನಾದ ಒಬ್ಬ ಪ್ರಭು ಒಳಗೆ ಬಂದಾಗ ಗ್ರೇ ಪ್ರಭುವು ತಮಾಷೆಗೆಂದು ಅವನನ್ನು ಹತ್ತು ಜನರೆಂದು ಎಣಿಸಿದನಂತೆ. ನಾರಿಸನ ಲಕ್ಷ್ಯ ಬೇರೆಡೆ ಇದ್ದುದರಿಂದ ಲೆಕ್ಕವನ್ನು ಹಾಗೆಯೇ ಮುಂದುವರಿಸಿದನಂತೆ. ಇದು ನಿಜವೋ ಕಟ್ಟುಕಥೆಯೋ ಎಂದು ವಿದ್ವಾಂಸರು ಚರ್ಚಿಸಿದ್ದಾರೆ. ಆದರೆ ಸಭೆಯ ದಾಖಲೆಯಲ್ಲಿ ಅಂದು ಹಾಜರಿದ್ದವರೆಂದು ಕಾಣುವುದು 107 ಮಂದಿ. ಎಣಿಸಿದ ಮತಗಳು 112. ಕಳ್ಳ ಲೆಕ್ಕವನ್ನು ನಾವು ಹೊಗಳುವವರಲ್ಲ. ಒಳ್ಳೆಯ ಕಾಯಿದೆಗೂ ಸುಳ್ಳು ಎಣಿಕೆ ಶೋಭೆಯಲ್ಲ. ಇದರಿಂದ ಕಲಿಯಬೇಕಾದ ಪಾಠ ಬೇರೆ. ಲೆಕ್ಕವನ್ನು ದಾಖಲೆಯಂತೆ ನಂಬಿದರೂ ಅಂತರ ಎರಡೇ ಮತ. ಪರವಾಗಿದ್ದವರಲ್ಲಿ ಮೂವರು ಬೇಸರದಿಂದ ಮನೆಗೆ ಹೋಗಿದ್ದರೆ, ಮೂರು ಶತಮಾನಗಳ ಕಾಲ ಲೋಕವು ಕೊಂಡಾಡಿದ ಕಾಯಿದೆ ಅಂದು ಹುಟ್ಟುತ್ತಿರಲಿಲ್ಲ. ಸದಸ್ಯನ ಮೊದಲನೆಯ ಧರ್ಮ ವಾಕ್ಚಾತುರ್ಯವಲ್ಲ, ಹಾಜರಿ.

ಈ ಕಾಯಿದೆಯನ್ನು ಮಾಡಿದವರೆಲ್ಲರೂ ಧರ್ಮಾತ್ಮರೆಂದು ಭ್ರಮಿಸಬೇಕಾಗಿಲ್ಲ. ಟೈಟಸ್ ಓಟ್ಸನೆಂಬವನು 1678ರಲ್ಲಿ ಹಬ್ಬಿಸಿದ ಕ್ಯಾಥೊಲಿಕ್ ಒಳಸಂಚಿನ ಸುಳ್ಳನ್ನು ನಂಬಿ, ನಿರಪರಾಧಿಗಳನ್ನು ವಧಸ್ಥಾನಕ್ಕೆ ಅಟ್ಟಿದ ಉನ್ಮಾದದ ಕಾಲವದು. 1680ರ ಡಿಸೆಂಬರಿನಲ್ಲಿ ಸ್ಟಾಫರ್ಡ್ ಪ್ರಭುವಿನ ತಲೆ ಬಿದ್ದುದು ಇದರಿಂದಲೇ. ಸ್ವಾತಂತ್ರ್ಯವೆಂದರೆ ತಮ್ಮ ಪಕ್ಷದವರ ಸ್ವಾತಂತ್ರ್ಯವೆಂದೇ ಅವರಲ್ಲಿ ಹಲವರು ಬಗೆದಿದ್ದಿರಬೇಕು. ಆದರೂ ಕಾಯಿದೆಯ ಮಾತು ಪಕ್ಷವನ್ನು ಹೆಸರಿಸಲಿಲ್ಲ. ಮಾಡಿದವರಿಗಿಂತ ಕಾಯಿದೆ ದೊಡ್ಡದಾಯಿತು. ಹಾಗೆಂದು ಅದು ವಜ್ರಕವಚವೂ ಆಗಲಿಲ್ಲ. 1689ರಲ್ಲಿ, 1794ರಲ್ಲಿ, 1817ರಲ್ಲಿ, ಅಧಿಕಾರಕ್ಕೆ ಭಯ ಹುಟ್ಟಿದಾಗಲೆಲ್ಲ ಪಾರ್ಲಿಮೆಂಟೇ ಅದನ್ನು ಅಮಾನತಿನಲ್ಲಿಟ್ಟಿತು.

ಇಂಗ್ಲಿಷರು ತಮ್ಮ ಮನೆಯಲ್ಲಿ ಪೂಜಿಸಿದ ದೇವರನ್ನು ಹಿಂದೂದೇಶಕ್ಕೆ ಬರುವಾಗ ಹಡಗಿನಲ್ಲಿ ತರಲಿಲ್ಲ. ಬಂಗಾಳದ 1818ರ ಮೂರನೆಯ ರೆಗ್ಯುಲೇಷನ್ನು, ವಿಚಾರಣೆಯಿಲ್ಲದೆ ಯಾರನ್ನಾದರೂ ರಾಜ್ಯದ ಕೈದಿಯನ್ನಾಗಿಸಲು ಅವಕಾಶ ಕೊಟ್ಟಿತು. ತಮ್ಮವರನ್ನು ಸಮುದ್ರದಾಚೆಗೆ ಸಾಗಿಸಕೂಡದೆಂದು 1679ರಲ್ಲಿ ಕಾಯಿದೆ ಮಾಡಿದವರ ಸಂತತಿಯೇ 1907ರ ಮೇ ತಿಂಗಳಲ್ಲಿ ಲಾಲಾ ಲಜಪತರಾಯರನ್ನು ಈ ರೆಗ್ಯುಲೇಷನ್ನಿನ ಮೇರೆಗೆ ಬರ್ಮಾದ ಮಾಂಡಲೆಗೆ ಸಾಗಿಸಿತು. ನವೆಂಬರಿನಲ್ಲಿ ಅವರನ್ನು ಬಿಟ್ಟರು. ಅಪರಾಧವೇನೆಂಬುದನ್ನು ಯಾವ ನ್ಯಾಯಾಸನದ ಮುಂದೆಯೂ ಸ್ಥಾಪಿಸಲಿಲ್ಲ.

ಪರರನ್ನು ದೂರಿ ಸುಮ್ಮನಾಗುವುದು ನಮಗೆ ಒಪ್ಪುವುದಿಲ್ಲ. ನಮ್ಮ ರಾಜ್ಯಾಂಗವು 32 ಮತ್ತು 226ನೆಯ ಅನುಚ್ಛೇದಗಳಿಂದ ಈ ಆಜ್ಞೆಯನ್ನು ಪ್ರಜೆಯ ಕೈಗಿತ್ತಿದೆ. ಆದರೂ 1975ರ ಜೂನಿನಲ್ಲಿ ತುರ್ತುಪರಿಸ್ಥಿತಿ ಬಂದಾಗ, ಪಾರ್ಲಿಮೆಂಟಿನ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರು ಇಲ್ಲಿಯೇ ಸೆರೆಯಾಗಿ ನಮ್ಮ ಹೈಕೋರ್ಟಿನ ಬಾಗಿಲನ್ನು ತಟ್ಟಬೇಕಾಯಿತು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು, ಅಂಥ ಕಾಲದಲ್ಲಿ ಈ ಅರ್ಜಿಗೆ ಎಡೆಯಿಲ್ಲವೆಂದರು, ನ್ಯಾಯಮೂರ್ತಿ ಎಚ್. ಆರ್. ಖನ್ನಾರೊಬ್ಬರು ಭಿನ್ನಮತವನ್ನು ಬರೆದರು. ಆ ತೀರ್ಪನ್ನು ಸುಪ್ರೀಂ ಕೋರ್ಟು ತೊಡೆದುಹಾಕಿದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ. ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕನ್ನು ತುರ್ತುಪರಿಸ್ಥಿತಿಯಲ್ಲಿಯೂ ಅಮಾನತಿನಲ್ಲಿಡಬಾರದೆಂದು 1978ರ ನಲವತ್ತನಾಲ್ಕನೆಯ ತಿದ್ದುಪಡಿ ವಿಧಿಸಿದುದು ಸಂತೋಷ. ಆದರೆ ಅದೇ ತಿದ್ದುಪಡಿಯು ಮುನ್ನೆಚ್ಚರಿಕೆಯ ಬಂಧನದಲ್ಲಿ ಸಲಹಾ ಮಂಡಲಿಯ ಅಭಿಪ್ರಾಯವಿಲ್ಲದೆ ಇಡಬಹುದಾದ ಕಾಲವನ್ನು ಮೂರು ತಿಂಗಳಿನಿಂದ ಎರಡಕ್ಕೆ ಇಳಿಸಿದ್ದ ಕಲಮು ಮಾತ್ರ ಇಂದಿಗೂ ಜಾರಿಗೆ ಬಂದಿಲ್ಲ. ಕಾಯಿದೆಯ ಪುಸ್ತಕದಲ್ಲಿ ಅಚ್ಚಾಗಿ, ಜಾರಿಯ ದಿನವಿಲ್ಲದೆ ಮಲಗಿರುವ ಈ ಕಲಮನ್ನು ನೋಡಿದರೆ ರಜಾಕಾಲದ ನೆಪ ಹೇಳಿದ ನ್ಯಾಯಾಧಿಪತಿಯ ನೆನಪಾಗುತ್ತದೆ.

ಆದಕಾರಣ ನಮ್ಮ ಅಭಿಪ್ರಾಯವಿಷ್ಟು. ಆ ಕಲಮಿಗೆ ಜಾರಿಯ ದಿನವನ್ನು ಗೊತ್ತುಮಾಡಬೇಕು. ರಾಜ್ಯಾಂಗದ ಈ ಅನುಚ್ಛೇದಗಳು ಆಜ್ಞೆಯನ್ನು ಕೊಟ್ಟಿವೆಯೇ ಹೊರತು, ಅರ್ಜಿಗೆ ಎಷ್ಟು ದಿನಗಳಲ್ಲಿ ಉತ್ತರ ಬರಬೇಕೆಂದಾಗಲಿ, ತಡಮಾಡಿದ ಅಧಿಕಾರಿ ಏನು ತೆರಬೇಕೆಂದಾಗಲಿ ಹೇಳಿಲ್ಲ. ಶಾಸನಸಭೆಗಳು ಅದನ್ನು ಹೇಳಬೇಕು: ಇಷ್ಟು ದಿನ, ತಪ್ಪಿದರೆ ಇಷ್ಟು ಜುಲ್ಮಾನೆ, ಅದೂ ಖಜಾನೆಯಿಂದಲ್ಲ, ತಪ್ಪಿದವನ ಸಂಬಳದಿಂದ. ಅಂಥ ಮಸೂದೆ ಮತಕ್ಕೆ ಬಂದ ದಿನ ನಮ್ಮ ಪ್ರತಿನಿಧಿಗಳು ಸಭೆಯಲ್ಲಿದ್ದರೇ ಎಂಬುದನ್ನು ಮತದಾರರು ವಿಚಾರಿಸಬೇಕು. ಸ್ಥೂಲಕಾಯನಾದ ಪ್ರಭುವೊಬ್ಬನು ಹತ್ತು ಮತಗಳಾಗಿ ಎಣಿಸಲ್ಪಡುವ ಅದೃಷ್ಟ ಎಲ್ಲ ಮಸೂದೆಗಳಿಗೂ ಒದಗುವುದಿಲ್ಲ.